10-6 ಇದ್ದದ್ದು 10-12 ಆಗಿ ಸೋತ್ವಿ. ಮ್ಯಾಚ್‌ನ್ಯಾಗ ತಲಿ ಹ್ಯಾಂಗ ಜಾಗಾದಾಗ ಇಟ್ಕೋಬೇಕು? ಕಾಲೇಜ್ ಪಿಕಲ್‌ಬಾಲ್ ಕ್ಲಬ್ ಹ್ಯಾಂಗ ಬೆಳಸ್ಬೇಕು?

ಫರ್ಸಿ_ಕೋರ್ಟ್:
ಎಲ್ಲಾರಿಗೂ ಶರಣ್ರೀ. ಕಲಬುರಗಿ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷ. ಇಷ್ಟು ದಿನ ಇಲ್ಲಿ ಬರೇ ಓದ್ಕೊಂತ ಕೂತಿದ್ದೆ, ಐತಾರದಿಂದ ನಿದ್ದಿ ಹತ್ತವಲ್ದು, ಅದಕ್ಕ ಬರೀಲತ್ತೀನಿ.

ಹೋದ ವರ್ಷ ನಾವು ನಾಕ್ ಮಂದಿ ಕೂಡಿ ಕಾಲೇಜಿನ್ಯಾಗ ಪಿಕಲ್‌ಬಾಲ್ (ಸಣ್ಣ ಕೋರ್ಟಿನ್ಯಾಗ ಪ್ಯಾಡಲ್‌ಲೆ ತೂತಿನ ಪ್ಲಾಸ್ಟಿಕ್ ಬಾಲ್ ಹೊಡೆಯೋ ಆಟ) ಶುರು ಮಾಡಿದ್ವಿ. ಮೊದ್ಲು ಹಾಸ್ಟೆಲ್ ಹಿಂದಿನ ಶಾಬಾದಿ ಫರ್ಸಿ ಅಂಗಳದಾಗ ಸುಣ್ಣದ ಗೆರಿ ಎಳ್ಕೊಂಡು ಆಡ್ತಿದ್ವಿ. ಫರ್ಸಿ ಸಂದ್ಯಾಗ ಬಾಲ್ ಬಿದ್ರ ಯಾವ ಕಡಿ ಪುಟೀತದ ಹೇಳ್ಲಾಕ ಬರಲ್ಲ, ಆದ್ರೂ ದಿನಾ ಮುಂಜಾನಿ ಆಡಿದ್ವಿ. ಆಮ್ಯಾಲ ಬ್ಯಾಡ್ಮಿಂಟನ್ ಹಾಲ್ ಸಂಜಿ ಒಂದ್ ತಾಸು ಸಿಕ್ತು. ಈಗ ವಾಟ್ಸಾಪ್ ಗ್ರೂಪಿನ್ಯಾಗ 64 ಮಂದಿ ಅದಾರ, ಖರೇ ಬರೋರು ಹನ್ನೆರಡು ಹದಿಮೂರು.

ಮೊನ್ನಿ ಐತಾರ ಹೈದರಾಬಾದ್‌ನ್ಯಾಗ ಒಂದು ಓಪನ್ ಟೂರ್ನಮೆಂಟ್ ಇತ್ತು, ನಾನೂ ನಮ್ ಪಾರ್ಟ್ನರೂ ಡಬಲ್ಸ್ ಆಡಿದ್ವಿ. ಕ್ವಾರ್ಟರ್ ಫೈನಲ್‌ನ್ಯಾಗ 10-6 ಮುಂದ. ಒಂದೇ ಪಾಯಿಂಟ್ ಬೇಕು, ಸರ್ವ್ ನಂದೇ. 'ಟೆನ್ ಸಿಕ್ಸ್ ಟೂ' (ನಮ್ ಸ್ಕೋರ್, ಅವರ ಸ್ಕೋರ್, ನಾ ಎರಡನೇ ಸರ್ವರ್) ಅಂತ ಕೂಗ್ದೆ, ಸರ್ವ್ ಸೀದಾ ನೆಟ್ಟಿಗಿ ಹೋತು. ಅಲ್ಲಿಂದ ಕೈ ಕಟ್ಟಿಗಿ ಆದಂಗ ಆಗಿಬಿಡ್ತು. ಡಿಂಕ್ (ನೆಟ್ ಹತ್ರ ಮೆತ್ತಗ ಹಾಕೋ ಹೊಡ್ತ) ಮಾಡ್ಲಾಕ ಹೋದ್ರ ಬಾಲ್ ಮ್ಯಾಲ ಏಳ್ತಿತ್ತು, ಅವರು ಹೊಡೀತಿದ್ರು. ಮತ್ತ ಎರಡು ಸಲ ಸರ್ವ್ ನಮ್ ಕಡಿ ಬಂತು, ಎರಡೂ ಸಲ ಪಾಯಿಂಟ್ ಆಗ್ಲಿಲ್ಲ. 10-12. ವಾಪಸ್ ಬರುವಾಗ ರೈಲಿನ್ಯಾಗ ನಮ್ ಪಾರ್ಟ್ನರ್ ತಾಂಡೂರ್ ದಾಟೋ ತನಕ ಒಂದ್ ಮಾತೂ ಆಡ್ಲಿಲ್ಲ.

ಕೇಳೋದು ಎರಡು. ಗೆಲ್ಲೋ ಟೈಮಿನ್ಯಾಗ ಹಿಂಗ ಆಗೋದಕ್ಕ ಏನ್ ಮಾಡ್ಬೇಕು? ಮತ್ತ 64 ಮಂದ್ಯಾಗ 50 ಮಂದಿ ಯಾಕ ಬರವಲ್ರು?

ಜಗತ್_ಸರ್ಕಲ್:
ತಮ್ಮಾ ಹೈದರಾಬಾದಿಗಿ ಹೋಗಿ ಕ್ವಾರ್ಟರ್ ಫೈನಲ್ ಆಡಿ ಬಂದೀರಿ ಅನ್ನೋದೇ ಭಾಳ ಖುಷಿ. ನಮ್ ಕಾಲದಾಗ ಕಲಬುರಗಿಯಿಂದ ಹೊರಗ ಆಡ್ಲಾಕ ಹೋಗೋದಂದ್ರ ಕ್ರಿಕೆಟ್ ಇಲ್ಲಾ ವಾಲಿಬಾಲ್.

ರೂಲ್‌ಬುಕ್:
ಟೈಮೌಟ್ ತಗೊಂಡ್ರಾ? 11ರ ಗೇಮಿಗೆ ಒಂದ್ ಟೀಮಿಗೆ ಎರಡು ಟೈಮೌಟ್ ಇರ್ತದ, ಒಂದೊಂದು ಒಂದ್ ನಿಮಿಷ. 10-6ದಿಂದ 10-10 ಆಗೋ ತನಕ ನೀವು ಎಷ್ಟು ತಗೊಂಡ್ರಿ?

ಫರ್ಸಿ_ಕೋರ್ಟ್:
ಒಂದೂ ತಗೊಳ್ಲಿಲ್ರಿ. ನೆನಪೇ ಆಗ್ಲಿಲ್ಲ.

ರೂಲ್‌ಬುಕ್:
ಹಂಗಾದ್ರ ಮೊದಲ್ನೇ ಉತ್ತರ ಅಲ್ಲೇ ಅದ. ಎದುರಿನವರು ಸಾಲಾಗಿ ಮೂರು ಪಾಯಿಂಟ್ ಮಾಡಿದ್ರು ಅಂದ್ರ ಟೈಮೌಟ್. ಮನಸ್ಸು ಹ್ಯಾಂಗದ ಅಂತ ವಿಚಾರ ಮಾಡ್ಕೊಂತ ನಿಲ್ಲಬಾರ್ದು, ಮೂರು ಅಂದ್ರ ಮೂರು. ಈ ಕರಾರು ಪಾರ್ಟ್ನರ್ ಕೂಡ ಮ್ಯಾಚ್ ಶುರುವಾಗೋಕಿಂತ ಮುಂಚೇನೇ ಮಾಡ್ಕೋರಿ. ಗಾಬರಿ ಆದವನಿಗಿ ತಾನು ಗಾಬರಿ ಆಗೀನಿ ಅಂತ ಗೊತ್ತಾಗಲ್ಲ.

ಶಟಲ್_ಕಾಕಾ:
ನಾನು ಮೂವತ್ತು ವರ್ಷ ಬ್ಯಾಡ್ಮಿಂಟನ್ ಆಡಿದವ, ಈಗ ಮೊಣಕಾಲು ಕೇಳವಲ್ದು ಅಂತ ಎರಡು ವರ್ಷದಿಂದ ಪಿಕಲ್‌ಬಾಲ್ ಆಡ್ಲತ್ತೀನಿ. ತಮ್ಮಾ ನೀ ಬರ್ದಿದ್ದರಾಗ 'ಕೈ ಕಟ್ಟಿಗಿ ಆದಂಗ' ಅನ್ನೋ ಮಾತಿದ್ಯಲ್ಲ, ಅಲ್ಲೇ ಅದ ಎಲ್ಲಾ. ಅಂಜಿಕಿ ಮೊದ್ಲು ಬರೋದು ಹಿಡಿತಕ್ಕ. ಪ್ಯಾಡಲ್ ಗಟ್ಟಿ ಹಿಡಿದ್ರ ಬಾಲ್ ಅದರ ಮ್ಯಾಲ ನಿಲ್ಲಲ್ಲ, ಗ್ವಾಡಿಗಿ ಬಡ್ದಂಗ ಪುಟಿದು ಎತ್ತರ ಹೋಗ್ತದ. ಡಿಂಕ್ ಅಂದ್ರ ಕೈ ಸಡಿಲ ಇರ್ಬೇಕು, ಕೂಸಿನ ಕೈ ಹಿಡ್ಕೊಂಡಷ್ಟೇ. ನಾ ಏನ್ ಮಾಡ್ತೀನಿ ಅಂದ್ರ ಪ್ರತಿ ಪಾಯಿಂಟ್ ಮುಗಿದ ಮ್ಯಾಲ ಪ್ಯಾಡಲ್ ಎಡಗೈಗಿ ತಗೊಂಡು ಬಲಗೈ ಬೆರಳು ಬಿಚ್ಚಿ ಎರಡು ಸಲ ಝಾಡಿಸ್ತೀನಿ, ಒಂದು ಉದ್ದ ಉಸಿರು ಹೊರಗ ಬಿಡ್ತೀನಿ, ಆಮ್ಯಾಲ ಬಾಲ್ ಕೈಗಿ ತಗೋತೀನಿ. ಸ್ಕೋರ್ ಕೂಗಿದ ಮ್ಯಾಲ ಸರ್ವ್‌ಗೆ ಹತ್ತು ಸೆಕೆಂಡ್ ಅದಾವ, ಹತ್ತು ಸೆಕೆಂಡ್ ಅಂದ್ರ ಭಾಳ ಆತು.

ಪ್ರಕಾಶ್ ಪಡುಕೋಣೆ 1980ರಾಗ ಆಲ್ ಇಂಗ್ಲೆಂಡ್ ಗೆದ್ದಾಗ ಎದುರಿಗಿ ಲಿಯೆಮ್ ಸ್ವೀ ಕಿಂಗ್, ಸ್ಮ್ಯಾಶಿಗೆ ಹೆಸರಾದವ. ಅವನ ಕೂಡ ನಮ್ಮವರು ಜೋರು ಹೊಡ್ಕೊಂತ ಹೋಗ್ಲಿಲ್ಲ, ಆಟ ನಿಧಾನ ಮಾಡಿ ಗೆದ್ರು. ಕೈ ಸಡಿಲ ಇದ್ದವಗ ಮಾತ್ರ ಬರೋ ಆಟ ಅದು.

ಬೀದರ್_ಬ್ಯಾಂಗರ್:
ಕಾಕಾ ಅವರ ಮಾತಿಗಿ ಮರ್ಯಾದಿ ಕೊಟ್ಟೇ ಹೇಳ್ತೀನಿ, ಡಿಂಕ್ ಡಿಂಕ್ ಅಂತ ಹುಡುಗರನ್ನ ಮೆತ್ತಗ ಮಾಡಬ್ಯಾಡ್ರಿ. 10-6 ಇದ್ದಾಗ ಜೋರು ಹೊಡೀಬೇಕು, ಮುಗಿಸ್ಬೇಕು. ನಾನು ಬೀದರ್‌ನ್ಯಾಗ ಆಡೋದು ಹಂಗೇ. ವಿಚಾರ ಮಾಡ್ಲಾಕ ಟೈಮ್ ಸಿಕ್ಕಷ್ಟೂ ತಲಿ ಕೆಡ್ತದ. ಇನ್ನ ಕ್ಲಬ್ ವಿಷಯ, 64 ಮಂದಿ ಉಸಾಬರಿ ಯಾಕ? ಎಂಟ್ ಮಂದಿ ಗಟ್ಟಿ ಆಟಗಾರರನ್ನ ಇಟ್ಕೋ, ದಿನಾ ಆಡ್ರಿ. ಗುಂಪು ಕಟ್ಟಿದ್ರ ಆಟ ಹಾಳಾಗ್ತದ.

ಬೆಂಗಳೂರು_ಸಂಜೆ:
ಬ್ಯಾಂಗರ್ ಅವ್ರೇ, ಮೊದಲ ಎರಡು ಬಾಲ್ ಪುಟಿಯೋಕೆ ಬಿಡಲೇಬೇಕು ಅಂತ ರೂಲ್ ಇರೋ ಆಟ ಇದು, ಸರ್ವ್ ಮಾಡಿದ ಟೀಮ್ ಹಿಂದೆನೇ ನಿಂತಿರ್ಬೇಕಾಗತ್ತೆ, ಅಲ್ಲಿಂದ ಪ್ರತಿ ಸಲ ಜೋರಾಗಿ ಹೊಡೆದ್ರೆ ನೆಟ್ ಹತ್ರ ನಿಂತಿರೋನು ಬ್ಲಾಕ್ ಮಾಡಿ ಕಾಲ ಬುಡಕ್ಕೆ ಹಾಕ್ತಾನೆ. ಮೂರನೇ ಶಾಟ್ ಡ್ರಾಪ್ (ನೆಟ್ ದಾಟಿ ಅಲ್ಲೇ ಮೆತ್ತಗೆ ಬೀಳೋ ಹೊಡೆತ) ಬರ್ದೇ ಇದ್ರೆ ಒಂದು ಲೆವೆಲ್ ಆದ್ಮೇಲೆ ಮುಂದೆ ಹೋಗೋಕೇ ಆಗಲ್ಲ. ಇಲ್ಲಿ ನಾನು ಆಡೋ ಕಡೆ ಎಲ್ಲಾ ಡ್ಯೂಪರ್ ರೇಟಿಂಗ್ (ಆಟಗಾರರ ಮಟ್ಟ ಅಳೆಯೋ ಅಂಕ) ನೋಡ್ತಾರೆ, 2ರಿಂದ 8ರವರೆಗೆ ಇರತ್ತೆ. 3ರ ಆಸುಪಾಸು ಬರೀ ಹೊಡೆತ ನಡೆಯತ್ತೆ, 4 ದಾಟಿದೋರ ಮುಂದೆ ನಡೆಯಲ್ಲ.

ಬೀದರ್_ಬ್ಯಾಂಗರ್:
ರೇಟಿಂಗ್ ಬೆಂಗಳೂರಿನ್ಯಾಗ ಇಟ್ಕೋರಿ. ಏಪ್ರಿಲ್ ಮೇದಾಗ 42 ಡಿಗ್ರಿ ಬಿಸಿಲಿನ್ಯಾಗ ಬಯಲಿಗಿ ಬಂದು ಆಡ್ರಿ, ಆಮ್ಯಾಲ ಮಾತಾಡೂಣು.

ಬೆಂಗಳೂರು_ಸಂಜೆ:
ನಾನು ಹುಟ್ಟಿದ್ದು ಚಿತ್ತಾಪುರ ಸಾರ್, ಬಿಸಿಲು ನಂಗೂ ಗೊತ್ತು.

ತೊಗರಿ_ಕಣಜ:
ಬಿಸಿಲು ಅಂದ್ರಲ್ಲ, ಬಾಲಿಂದೂ ಹೇಳ್ರಿ. ನಮ್ ಕಡಿ ಮೇ ತಿಂಗಳದಾಗ ಬಾಲ್ ಮೆತ್ತಗಾಗಿ ಪುಟಿಯೋದೇ ಬದಲಾಗ್ತದ, ಡಿಸೆಂಬರ್ ಮುಂಜಾನಿ ಥಂಡ್ಯಾಗ ಅದೇ ಬಾಲ್ ಪಟ್ಟಂತ ಸೀಳ್ತದ. ಮತ್ತ ಆಷಾಢದ ಗಾಳ್ಯಾಗ 25 ಗ್ರಾಂ ಬಾಲ್ ಹೋದಲ್ಲಿಗಿ ಹೋತು. ಬಯಲಿಗಿ 40 ತೂತಿನ ಬಾಲ್, ಹಾಲ್ ಒಳಗ 26 ತೂತಿಂದು. ನಮ್ ಹುಡುಗ್ರು ಎರಡಕ್ಕೂ ಒಂದೇ ಬಾಲ್ ಆಡಸ್ತಾರ.

ಫರ್ಸಿ_ಕೋರ್ಟ್:
ನಮ್ ಹಾಲ್‌ನ್ಯಾಗ 26ರದ್ದೇ ಆಡೋದ್ರಿ. ಟೂರ್ನಮೆಂಟ್ ಬಯಲಿನ್ಯಾಗ, 40ರದ್ದು. ಅದು ಬಿರುಸು, ಜಲ್ದಿ ಬರ್ತದ. ಇದೂ ಒಂದ್ ಕಾರಣ ಇರಬಹುದು. ಇನ್ನೊಂದು, ಕಿಚನ್ ಫಾಲ್ಟ್ (ನೆಟ್ ಹತ್ರದ ಗೆರಿಯೊಳಗ ಕಾಲಿಟ್ಟು ಬಾಲ್ ಪುಟಿಯೋಕಿಂತ ಮುಂಚೆ ಹೊಡೆಯೋ ತಪ್ಪು) ಮೂರು ಸಲ ಆದ್ವು ನನಗ, ಇಲ್ಲಿ ಆಡುವಾಗ ಎಂದೂ ಆಗಲ್ಲ.

ರೂಲ್‌ಬುಕ್:
ತಡೀರಿ. ಕಾಲೇಜಿನ್ಯಾಗ ಕಿಚನ್ ಗೆರಿ ಬ್ಯಾರೆ ಹಾಕೀರೋ ಇಲ್ಲಾ ಬ್ಯಾಡ್ಮಿಂಟನ್ ಶಾರ್ಟ್ ಸರ್ವಿಸ್ ಗೆರೀನೇ ಕಿಚನ್ ಅಂತ ತಿಳ್ಕೊಂಡೀರೋ?

ಫರ್ಸಿ_ಕೋರ್ಟ್:
ಅದೇ ಗೆರಿ ರಿ. ಎರಡೂ ಕೋರ್ಟ್ ಒಂದೇ ಅಳತಿ ಅಲ್ಲೇನು, 20 ಫೂಟ್ 44 ಫೂಟ್?

ರೂಲ್‌ಬುಕ್:
ಹೊರಗಿನ ಅಳತಿ ಒಂದೇ, ಡಬಲ್ಸ್ ಬ್ಯಾಡ್ಮಿಂಟನ್ ಕೋರ್ಟ್ ಎಷ್ಟೋ ಪಿಕಲ್‌ಬಾಲ್ ಕೋರ್ಟೂ ಅಷ್ಟೇ. 1965ರಾಗ ಅಮೆರಿಕದ ಬೇನ್‌ಬ್ರಿಡ್ಜ್ ದ್ವೀಪದಾಗ ಈ ಆಟ ಹುಟ್ಟಿದ್ದೇ ಒಂದು ಬ್ಯಾಡ್ಮಿಂಟನ್ ಕೋರ್ಟ್ ಮ್ಯಾಲ. ಆದ್ರ ಶಾರ್ಟ್ ಸರ್ವಿಸ್ ಗೆರಿ ನೆಟ್ಟಿನಿಂದ ಆರೂವರೆ ಫೂಟ್, ಕಿಚನ್ ಗೆರಿ ಏಳು ಫೂಟ್. ಅರ್ಧ ಫೂಟ್ ಫರಕು. ನೀವು ಒಂದು ವರ್ಷ ಕಾಲಿಗಿ ಆರೂವರೆ ಫೂಟ್ ರೂಢಿ ಮಾಡ್ಸೀರಿ, ಅಲ್ಲಿ ಹೋದ್ ಕೂಡ್ಲೇ ಬೂಟಿನ ತುದಿ ಗೆರಿ ಮ್ಯಾಲ. ಮೂರು ಫಾಲ್ಟ್ ಆಗ್ದೇ ಏನಾದೀತು? ನೆಟ್ ಎತ್ತರಾನೂ ನೋಡ್ರಿ, ಬದಿಗಿ 36 ಇಂಚು, ನಡು 34.

ಫರ್ಸಿ_ಕೋರ್ಟ್:
ಅಯ್ಯೋ ದೇವ್ರೇ. ಒಂದು ವರ್ಷ.

ಶಟಲ್_ಕಾಕಾ:
ಟೇಪ್ ಹಚ್ಚೋದಾದ್ರ ಒಂದ್ ಮಾತು. ಮಾಸ್ಕಿಂಗ್ ಟೇಪ್ ಹಚ್ರಿ, ಆಟ ಮುಗಿದ ಮ್ಯಾಲ ಅವತ್ತೇ ತಗೀರಿ. ನಮ್ ಹಾಲ್‌ನ್ಯಾಗ ಯಾರೋ ಪ್ಯಾಕಿಂಗ್ ಟೇಪ್ ಹಚ್ಚಿ ವಾರಗಟ್ಟಲೆ ಬಿಟ್ಟಿದ್ರು, ಸಿಂಥೆಟಿಕ್ ಮ್ಯಾಟ್ ಮ್ಯಾಲ ಗೋಂದು ಹಂಗೇ ಉಳೀತು, ಬ್ಯಾಡ್ಮಿಂಟನ್ ಹುಡುಗ್ರು ಜಾರಿ ಬಿದ್ರು. ಅದರ ಮ್ಯಾಲಿಂದೇ ಪಿಕಲ್‌ಬಾಲ್‌ನವರಿಗಿ ಹಾಲ್ ಕೊಡಬ್ಯಾಡ್ರಿ ಅಂತ ಜಗಳ ಶುರು ಆಗಿದ್ದು.

ಪಿಟಿ_ಮೇಷ್ಟ್ರು_ಯಾದಗಿರಿ:
ನಾನು ಯಾದಗಿರಿ ಜಿಲ್ಲೆದಾಗ ದೈಹಿಕ ಶಿಕ್ಷಕ, ಹೆಚ್ಚಿಗಿ ಕಬಡ್ಡಿ ಖೋ-ಖೋ ಕಲಸೋನು. ಮನಸ್ಸಿನ ತಯಾರಿ ಅಂದ್ರ ಬ್ಯಾರೆ ಕೂತು ಮಾಡೋದು ಅಂತ ಎಲ್ಲಾರೂ ತಿಳ್ಕೋತಾರ. ಅದು ಆಡ್ಕೊಂತನೇ ಆಗ್ಬೇಕು. ಕಬಡ್ಡಿ ಲೀಗಿನ್ಯಾಗ ಎರಡು ರೈಡ್ ಖಾಲಿ ಹೋದ್ರ ಮೂರನೇದು ಡೂ ಆರ್ ಡೈ. ನಾ ಪ್ರಾಕ್ಟೀಸಿನ್ಯಾಗ ಹುಡುಗರಿಗಿ ಬರೇ ಮೂರನೇ ರೈಡೇ ಕೊಡ್ತಿದ್ದೆ, ಸುಮ್ನ ಆಡೋ ರೈಡ್ ಕೊಡ್ತಿರಲಿಲ್ಲ. ವಾರದಾಗ ಮಾರಿಮ್ಯಾಲಿನ ಗಾಬರಿ ಹೋಗ್ತಿತ್ತು, ಯಾಕಂದ್ರ ಆ ಮೂವತ್ತು ಸೆಕೆಂಡ್ ಅವರಿಗಿ ಹೊಸಾದು ಉಳೀತಿರಲಿಲ್ಲ.

ನೀವೂ ಗೇಮ್ 0-0ದಿಂದ ಆಡೋದು ಬಿಡ್ರಿ. 9-9ದಿಂದ ಶುರು ಮಾಡ್ರಿ. ಒಂದಿನ 10-6 ಮುಂದ ಇದ್ದಂಗ ಶುರು ಮಾಡ್ರಿ, ಗೆದ್ರ ಏನೂ ಇಲ್ಲ, ಸೋತ್ರ ಹಾಲ್ ಕಸ ಹೊಡೀಬೇಕು. ಇನ್ನೊಂದಿನ ನೀವೇ 6ರಾಗ ಇರ್ರಿ, ಎದುರಿನವರಿಗಿ ಎಷ್ಟು ಅಂಜಿಕಿ ಆಗ್ತದ ಅನ್ನೋದು ಆ ಕಡಿ ನಿಂತ್ರ ಕಾಣ್ತದ. ಮತ್ತ 'ತಪ್ಪ ಮಾಡಬಾರ್ದು' ಅಂತ ಒಳಗ ಹೇಳ್ಕೋಬ್ಯಾಡ್ರಿ. 'ಎಡಗಡಿ ಮೂಲಿಗಿ ಆಳ' ಅಂತ ಹೇಳ್ಕೋರಿ. ಮನಸ್ಸಿಗಿ ಮಾಡ್ಲಾಕ ಒಂದು ಕೆಲಸ ಕೊಡ್ಬೇಕು.

ಜಗತ್_ಸರ್ಕಲ್:
ಮೇಷ್ಟ್ರೇ ನೀವು ಕಲಸೋ ಸಾಲಿ ಹುಡುಗ್ರು ಪುಣ್ಯವಂತ್ರು.

ಮಳಖೇಡ_ಮಗಳು:
ನಾ ಒಂದ್ ಮಾತ್ ಹೇಳ್ಲಿ? ಫರ್ಸಿ ಅಣ್ಣಾ, ನೀವು ಯಾರಂತ ನನಗ ಗೊತ್ತಾತು, ಹೆಸರು ಹೇಳಲ್ಲ. ನಿಮ್ 64 ಮಂದ್ಯಾಗ ನಾನೂ ಒಬ್ಬಾಕಿ, ಸೆಕೆಂಡ್ ಇಯರ್. ಮೂರು ಸಲ ಹಾಲಿಗಿ ಬಂದೀನಿ. ಮೂರೂ ಸಲ ಗ್ವಾಡಿಗಿ ಆನ್ಕೊಂಡು ನಿಂತು ನೋಡಿ ವಾಪಸ್ ಹೋಗೀನಿ. ಎರಡನೇ ಸಲ ಒಬ್ರು ಪ್ಯಾಡಲ್ ಕೈಗಿ ಕೊಟ್ರು, ಅಷ್ಟರಾಗ 'ಫಾಸ್ಟ್ ಗೇಮ್ ಒಂದು ಆಡ್ಕೋತೀವಿ' ಅಂತ ಮತ್ತೊಬ್ರು ಇಸ್ಕೊಂಡ್ರು. ನಮ್ ಹಾಸ್ಟೆಲ್ ಗೇಟ್ ಸಂಜಿ ಏಳಕ್ಕ ಹಾಕ್ತಾರ, ನಿಮ್ ತಾಸು ಆರೂವರೆಗಿ ಶುರು. ಹುಡುಗ್ಯಾರು ಯಾಕ ಬರಲ್ಲ ಅಂತ ಗ್ರೂಪಿನ್ಯಾಗ ಕೇಳೀರಿ, ಗೇಟ್ ಎಷ್ಟಕ್ಕ ಹಾಕ್ತಾರ ಅಂತ ಯಾರೂ ಕೇಳಿಲ್ಲ.

ಇನ್ನೊಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಗ್ವಾಡಿಗಿ ನಿಂತವರಿಗಿ ಗೆರಿ ಭಾಳ ಚಂದ ಕಾಣ್ತದ. ನೀವು ನಾಕ್ ಮಂದಿ ಹೊಸಬರ ಕೂಡ ಆಡುವಾಗ ಗೆರಿ ಮ್ಯಾಲ ಬಿದ್ದ ಬಾಲೂ 'ಔಟ್' ಅಂತೀರಿ. ಹೊಸಬರು ಏನ್ ಕೇಳ್ಯಾರು? ಸುಮ್ನ ಹೋಗಿ ಬಾಲ್ ತರ್ತಾರ.

ಬೀದರ್_ಬ್ಯಾಂಗರ್:
ಅಕ್ಕಾ ಇದು ಮನಸ್ಸಿನ ಫೋಕಸ್ ಬಗ್ಗೆ ಚರ್ಚಾ ನಡ್ದದ, ಹಾಸ್ಟೆಲ್ ಗೇಟ್ ಬಗ್ಗೆ ಅಲ್ಲ.

ಮಳಖೇಡ_ಮಗಳು:
ಎರಡನೇ ಪ್ರಶ್ನಿ ಕ್ಲಬ್ಬಿನ ಬಗ್ಗೆನೇ ಅದ. ಮ್ಯಾಲ ಹೋಗಿ ಓದ್ರಿ.

ಜಗತ್_ಸರ್ಕಲ್:
ಆಕಿ ಹೇಳಿದ್ದು ಬರೋಬ್ಬರಿ ಅದ.

ಫರ್ಸಿ_ಕೋರ್ಟ್:
ಎರಡು ತಾಸು ಆತು ಈ ಮೆಸೇಜ್ ಓದಿ. ಏನ್ ಬರೀಬೇಕಂತ ತಿಳೀಲಿಲ್ಲ. ತಂಗೀ ನೀ ಹೇಳಿದ್ದು ಖರೇ ಅದ.

ಮೊದಲ್ನೇ ಪೋಸ್ಟಿನ್ಯಾಗ ಒಂದು ಬಿಟ್ಟಿದ್ದೆ, ಈಗ ಬರೀತೀನಿ. ಸ್ಕೋರ್ 10-6 ಹ್ಯಾಂಗಾತು ಅಂತ. 9-6 ಇದ್ದಾಗ ನಾ ಸರ್ವ್ ಮಾಡ್ದೆ, ಎದುರಿನ ಹುಡುಗ ಆಳಕ್ಕ ರಿಟರ್ನ್ ಹೊಡ್ದ, ಬಾಲ್ ನನ್ ಬಲಗಾಲಿನ ಹಿಂದ ಬೇಸ್‌ಲೈನ್ ಹತ್ರ ಬಿತ್ತು. ನಾ ಬಾಲ್ ನೆಲಕ್ಕ ತಾಗಿದ್ದು ನೋಡೇ ಇಲ್ಲ, ಸಪ್ಪಳ ಕೇಳ್ದೆ ಅಷ್ಟೇ. ಕೈ ತಾನೇ ಮ್ಯಾಲ ಹೋತು, 'ಔಟ್' ಅಂದೆ. ಆ ಹುಡುಗ ಎರಡು ಹೆಜ್ಜಿ ಮುಂದ ಬಂದ, 'ಪಕ್ಕಾ ಹೈ ಕ್ಯಾ ಭಾಯ್' ಅಂತ ಒಂದೇ ಸಲ ಕೇಳ್ದ. 'ಹಾ' ಅಂದೆ. ಅವ ತಲಿ ಹಾಕಿ ವಾಪಸ್ ಹೋದ. ನಮ್ ಪಾರ್ಟ್ನರ್ ನನ್ನ ನೋಡ್ದ, ನಾ ಅವನ ಕಡಿ ನೋಡ್ಲಿಲ್ಲ. ಆಮ್ಯಾಲ 'ಟೆನ್ ಸಿಕ್ಸ್ ಟೂ' ಅಂತ ಕೂಗುವಾಗ ನನ್ ದನಿ ನನಗೇ ಬ್ಯಾರೆ ಕೇಳಿಸ್ತು. ಸರ್ವ್ ನೆಟ್ಟಿಗಿ ಹೋಗಿದ್ದು ಆಗಲೇ.

ಶಟಲ್_ಕಾಕಾ:
ತಮ್ಮಾ ಇದನ್ನ ಬರೀಲಾಕ ಗಟ್ಟಿ ಎದಿ ಬೇಕು.

ರೂಲ್‌ಬುಕ್:
ನಿಯಮ ಹೇಳ್ತೀನಿ, ನಿಮಗ ಚುಚ್ಚಬೇಕಂತ ಅಲ್ಲ, ಎಲ್ಲಾರಿಗೂ ಗೊತ್ತಿರ್ಲಿ ಅಂತ. ಲೈನ್ ಅಂಪೈರ್ ಇಲ್ಲದ ಮ್ಯಾಚಿನ್ಯಾಗ ಯಾರ ಕಡಿ ಬಾಲ್ ಬಿದ್ದದ ಅವರೇ ಕರೀಬೇಕು, ಅನುಮಾನ ಇದ್ರ ಎದುರಿನವರಿಗಿ ಬಿಡಬೇಕು. ಪಾರ್ಟ್ನರ್ ಇಬ್ರೂ ಬ್ಯಾರೆ ಬ್ಯಾರೆ ಹೇಳಿದ್ರ ಅನುಮಾನ ಅದ ಅಂತ ಅರ್ಥ, ಬಾಲ್ ಇನ್. ನೋಡದ ಬಾಲ್ ಔಟ್ ಅನ್ನಂಗಿಲ್ಲ. ಔಟ್ ಅಂದವರು ತಾವೇ ತಮ್ ಕರೆ ತಿದ್ದಿ ಪಾಯಿಂಟ್ ಬಿಟ್ಟುಕೊಡಬಹುದು. ನಿಮ್ ಪಾರ್ಟ್ನರ್ 'ಇನ್' ಅಂತ ಒಂದ್ ಮಾತು ಅಂದಿದ್ರೂ ಮುಗೀತಿತ್ತು, ಅಂದ್ರ ತಪ್ಪು ನಿಮ್ಮೊಬ್ಬರದ್ದೇ ಅಲ್ಲ.

ಬೀದರ್_ಬ್ಯಾಂಗರ್:
ಇದು ಓದಿ ನನಗೂ ಒಂದು ಮ್ಯಾಚ್ ನೆನಪಾತು. ಬಸವಕಲ್ಯಾಣದ ಹುಡುಗರ ಕೂಡ ಆಡಿದ್ದು. ಹೆಚ್ಚಿಗಿ ಬರಿಯಲ್ಲ. ತಂಗೀ, ಮ್ಯಾಲ ನಿನಗ ಹಂಗ ಅನ್ನಬಾರ್ದಿತ್ತು.

ಮಳಖೇಡ_ಮಗಳು:
ಇರ್ಲಿ ಅಣ್ಣಾ.

ಪಿಟಿ_ಮೇಷ್ಟ್ರು_ಯಾದಗಿರಿ:
ಈಗ ತಿಳೀತು ನೋಡ್ರಿ. ಹುಡುಗಗ ಗೆಲ್ಲೋ ಅಂಜಿಕಿ ಇರಲಿಲ್ಲ, ಒಳಗ ಮತ್ತೊಂದು ಲೆಕ್ಕ ನಡ್ದಿತ್ತು. ಉಸಿರು ಬಿಡೋದು, ಕೈ ಝಾಡಿಸೋದು ಎಲ್ಲಾ ಕಲೀರಿ, ಬೇಕು, ಆದ್ರ ಎದುರಿನವನ ಮಾರಿ ನೋಡ್ಲಾಕ ಆಗ್ದೇ ಇದ್ರ ಬಾಲೂ ಕಾಣಲ್ಲ. ಮತ್ತ ಆ ಚಟ ಹೈದರಾಬಾದ್‌ನ್ಯಾಗ ಹತ್ತಿದ್ದಲ್ಲ, ಆ ಹುಡುಗಿ ಹೇಳ್ದಂಗ ನಿಮ್ ಹಾಲ್‌ನ್ಯಾಗೇ ಹತ್ತಿದ್ದು. ಕೇಳೋರು ಇಲ್ಲದ ಕಡಿ ಆಡಿದ್ರ ಹಂಗೇ ಆಗ್ತದ. ಹೊಸಬರನ್ನ ಬೆಳಸ್ರಿ, ಅವರಿಗಿ 'ಇನ್ ಅದ' ಅಂತ ಗಟ್ಟಿ ದನಿಲೆ ಹೇಳ್ಲಾಕ ಕಲಸ್ರಿ. ನಿಮಗ ಮ್ಯಾಚ್ ಪ್ರಾಕ್ಟೀಸ್ ಸಿಗೋದು ಅವರಿಂದೇ.

ಬೆಂಗಳೂರು_ಸಂಜೆ:
ಕ್ಲಬ್ ನಡೆಸೋದಕ್ಕೆ ಒಂದು ಐಡಿಯಾ, ಇಲ್ಲಿ ಎಲ್ಲಾ ಕಡೆ ಮಾಡ್ತಾರೆ. ಬಂದೋರು ಪ್ಯಾಡಲ್‌ನ ಸಾಲಾಗಿ ಇಡ್ಬೇಕು, ಕೋರ್ಟ್ ಖಾಲಿ ಆದಾಗ ಮುಂದಿನ ನಾಲ್ಕು ಪ್ಯಾಡಲ್‌ನೋರು ಆಡ್ತಾರೆ, ಯಾರೇ ಆಗ್ಲಿ. ಗೆದ್ದ ಇಬ್ರು ಉಳ್ಕೊಂಡ್ರೂ ಜೋಡಿ ಒಡೀಬೇಕು, ಒಬ್ಬೊಬ್ರು ಒಂದೊಂದು ಕಡೆ. ಪ್ಯಾಡಲ್ ಇಲ್ದೇ ಇರೋರಿಗೆ ಕ್ಲಬ್ಬಿಂದ ನಾಲ್ಕು ಇರ್ಲಿ, ಅವು ಸಾಲಲ್ಲಿ ಯಾವಾಗ್ಲೂ ಇರ್ಬೇಕು. 'ಫಾಸ್ಟ್ ಗೇಮ್ ಒಂದು' ಅಂತ ಯಾರೂ ಮಧ್ಯೆ ನುಗ್ಗೋಕೆ ಆಗಲ್ಲ. ಅಮೆರಿಕದ ಕಾಲೇಜುಗಳಲ್ಲೂ ಇದು ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ) ಚಾಂಪಿಯನ್‌ಶಿಪ್ ಆಟ ಅಲ್ಲ, ಸ್ಟೂಡೆಂಟ್ಸೇ ನಡೆಸೋ ಕ್ಲಬ್ ಆಟ. ಈಗ ದೊಡ್ಡ ಆಟಗಾರ ಆಗಿರೋ ಬೆನ್ ಜಾನ್ಸ್ ಕೂಡ ಮೆಟೀರಿಯಲ್ಸ್ ಇಂಜಿನಿಯರಿಂಗ್ ಓದ್ಕೊಂಡೇ ಆಡಿದ್ದು.

ತೊಗರಿ_ಕಣಜ:
ಹಾಲ್ ಟೈಮ್ ಹೆಚ್ಚಿಗಿ ಕೇಳ್ಲಾಕ ಹೋಗುವಾಗ ಇದೂ ಹೇಳ್ರಿ, ಕೇಂದ್ರದ ಕ್ರೀಡಾ ಸಚಿವಾಲಯ 2025ರಾಗ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಶನ್‌ಗೆ ರಾಷ್ಟ್ರೀಯ ಫೆಡರೇಶನ್ ಅಂತ ಮಾನ್ಯತೆ ಕೊಟ್ಟದ. 'ಇದೆಂಥ ಆಟ, ಉಪ್ಪಿನಕಾಯಿ ಆಟ' ಅನ್ನೋರಿಗಿ ತೋರಸ್ಲಾಕ ಬರ್ತದ.

ಜಗತ್_ಸರ್ಕಲ್:
ಉಪ್ಪಿನಕಾಯಿ ಹೆಸರು ನಾಯಿದಲ್ಲೇನ್ರಿ? ಈ ಆಟ ಹುಟ್ಟಿದ ಮನ್ಯಾಗ ಪಿಕಲ್ಸ್ ಅಂತ ನಾಯಿ ಇತ್ತಂತ.

ರೂಲ್‌ಬುಕ್:
ನಾಯಿ ಆಮ್ಯಾಲ ಬಂತು, ಆಟದ ಹೆಸರೇ ನಾಯಿಗಿ ಇಟ್ವಿ ಅಂತ ಆ ಪ್ರಿಚರ್ಡ್ ಮನಿಯವರೇ ಹೇಳ್ಯಾರ. ದೋಣಿ ಪಂದ್ಯದಾಗ ಉಳಿದ ಬಳಿದ ಆಟಗಾರರನ್ನ ಕೂಡಿಸಿದ ದೋಣಿಗಿ ಪಿಕಲ್ ಬೋಟ್ ಅಂತಾರ, ಅದರಿಂದ ಬಂತು ಅಂತ ಅವರ ಮಾತು. ನಾಯಿಂದೇ ಅನ್ನೋರೂ ಅದಾರ. ಇದಕ್ಕ ಬ್ಯಾರೆ ಚರ್ಚಾ ತಗೀರಿ.

ಫರ್ಸಿ_ಕೋರ್ಟ್:
ಎಲ್ಲಾರಿಗೂ ಮನಸಾರೆ ಥ್ಯಾಂಕ್ಸ್ ರಿ. ಇವತ್ತ ಸಂಜಿ ಪಾರ್ಟ್ನರ್ ಕೂಡ ಮಾತಾಡ್ದೆ. 'ಬಾಲ್ ಇನ್ ಇತ್ತು, ನಾ ನೋಡೀನಿ, ನಿನಗ ಬ್ಯಾಸರ ಆಗ್ತದಂತ ಅನ್ಲಿಲ್ಲ' ಅಂದ. ಇನ್ನ ಮ್ಯಾಲ ಇಬ್ರೂ ಒಬ್ರಿಗೊಬ್ರು ತಿದ್ದೂಣು ಅಂತ ಮಾತಾಗ್ಯದ. ಆ ಹೈದರಾಬಾದ್ ಹುಡುಗಂದು ನಂಬರ್ ಟೂರ್ನಮೆಂಟ್ ಗ್ರೂಪಿನ್ಯಾಗ ಸಿಕ್ತು, ಮೆಸೇಜ್ ಹಾಕೀನಿ. ಓದ್ಯಾನ, ಉತ್ತರ ಇನ್ನಾ ಬಂದಿಲ್ಲ.

ಹಾಲ್ ನೋಡ್ಕೊಳ್ಳೋ ಸರ್‌ಗೆ ಕೇಳ್ದೆ, ಸಂಜಿ ಬದಲಾಸಲಾಕ ಬರಲ್ಲ, ಮುಂಜಾನಿ ಆರರಿಂದ ಏಳೂವರೆ ಖಾಲಿ ಅದ ಅಂದ್ರು. ಶನಿವಾರ, ಐತಾರ ಮುಂಜಾನಿ ಶುರು ಮಾಡ್ತೀವಿ. ಪ್ಯಾಡಲ್ ಸಾಲಿನ ಪದ್ಧತಿ, 9-9ದಿಂದ ಆಟ. ತಂಗೀ ಮುಂಜಾನಿ ಗೇಟ್ ಎಷ್ಟಕ್ಕ ತಗೀತಾರ?

ಮಳಖೇಡ_ಮಗಳು:
ಐದೂವರೆಗಿ. ನಮ್ ಮಜಲಿಯಿಂದ ಐದು ಮಂದಿ ಬರ್ತೀವಿ, ಕೇಳಿ ಬಂದೆ ಈಗ. ಗೆರಿ ಕರೆಯೋದು ಮೊದಲ್ನೇ ದಿನ ನಾವೇ ಮಾಡ್ತೀವಿ, ಎರಡೂ ಕಡಿ.

ಶಟಲ್_ಕಾಕಾ:
ಹಾಲ್ ಎಲ್ಲದ ಹೇಳ್ರಿ, ಸೇಡಂ ರೋಡ್ ಕಡಿ ಇದ್ರ ಐತಾರ ನಾನೂ ಬರ್ತೀನಿ. ಡ್ರಾಪ್ ಕಲಸ್ತೀನಿ. ಬ್ಯಾಂಗರ್ ಅವರೂ ಕಲಬುರಗಿಗಿ ಬಂದಾಗ ಬರ್ರಿ.

ಬೀದರ್_ಬ್ಯಾಂಗರ್:
ಬೀದರ್‌ನಿಂದ ಮುಂಜಾನಿ ರೈಲು ಹಿಡಿದ್ರೂ ಆರಕ್ಕ ಮುಟ್ಟಲ್ಲ ಕಾಕಾ. ಶನಿವಾರ ರಾತ್ರಿನೇ ಮಾಮನ ಮನಿಗಿ ಬಂದು ಉಳೀತೀನಿ.

ಫರ್ಸಿ_ಕೋರ್ಟ್:
ಕಾಕಾ ಇನ್‌ಬಾಕ್ಸ್ ನೋಡ್ರಿ, ಜಾಗಾ ಕಳಸೀನಿ. ಮಾಸ್ಕಿಂಗ್ ಟೇಪ್ ಸೂಪರ್ ಮಾರ್ಕೆಟ್‌ನ್ಯಾಗ ನಾಳಿ ತಗೋತೀನಿ.

ಮಳಖೇಡ_ಮಗಳು:
ಟೇಪ್ ನಮ್ ಡ್ರಾಯಿಂಗ್ ಲ್ಯಾಬ್‌ನವರ ಹತ್ರ ಎರಡು ರೋಲ್ ಅದ, ನಾ ತರ್ತೀನಿ. ನೀವು ಅಳತಿ ಪಟ್ಟಿ ಮರೀಬ್ಯಾಡ್ರಿ. ನೆಟ್ಟಿನಿಂದ ಏಳು ಫೂಟ್, ಎರಡೂ ಕಡಿ.